ರಾಕೆಟ್ಟಿಗೆ ಇಟ್ಟ ಪರಸ್ಥಾನ

ಬಬಲೇಶ್ವರದ ಕನ್ನಡ ಶಾಲೆಯ ಗುರಲಿಂಗಪ್ಪ ಮಾಸ್ತರರಷ್ಟು ಪ್ರವಾಸ ಮಾಡಿದವರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ಮನೆ ಬಿಟ್ಟು ಹೋಗಿರಲಿಲ್ಲ, ಅಷ್ಟೆ. ಮದುವೆಯಾದ ಆರು ವರ್ಷಗಳಲ್ಲಿ ಹೆಂಡತಿ ಸಾವಂತ್ರವ್ವನನ್ನು ಕಾಶಿಗೆ, ದಿಲ್ಲಿಗೆ, ಪುರಿಗೆ, ಎರಡು ಸಲ ಮುಂಬಯಿಗೆ ಕರೆದುಕೊಂಡು ಹೋಗಿ ಬಂದಿದ್ದರು. ಎಲ್ಲವೂ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತೇ. ಕೈಯಲ್ಲಿ ರೈಲಿನ ವೇಳಾಪಟ್ಟಿ, ಕಿವಿಯ ಮೇಲೊಂದು ಪೆನ್ಸಿಲ್ಲು. ಅವಳು ರೊಟ್ಟಿ ಬಡಿಯುತ್ತಿದ್ದರೆ ಇವರು ಗಾಡಿ ಓಡಿಸುತ್ತಿದ್ದರು.

"ಎಲ್ಲಿ ಅದೀವ್ರಿ ಈಗ?"

"ವಾಡಿ ದಾಟಿತು. ಇನ್ನ ಕೃಷ್ಣಾ ಹೊಳಿ ಬರತೈತಿ."

"ಹಂಗಾರ ಹೊಳಿ ಬರೂದ್ರಾಗ ಎರಡ ರೊಟ್ಟಿ ಉಂಡಬಿಡ್ರಿ. ಸೇತುವಿ ಮ್ಯಾಲ ಗಾಡಿ ಅಳ್ಳಾಡತೈತಿ, ಪಲ್ಯಾ ಚೆಲ್ಲೀತು."

ಮಾಸ್ತರರು ನಗುತ್ತಿರಲಿಲ್ಲ. ಗಾಡಿ ಓಡಿಸುವವರು ನಗಬಾರದು. ಸಾವಂತ್ರವ್ವ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ಒಲೆಯ ಕಡೆ ತಿರುಗುತ್ತಿದ್ದಳು. ಅವಳು ಟಿಕೋಟದ ಹುಡುಗಿ. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕಥೆ ಕೇಳಿಯೇ ಬೆಳೆದವಳು. ಆ ಕಥೆಗಳಲ್ಲಿ ರಾಜನ ಮಗ ಎರಡನೆಯ ಮಾತಿಗೆಲ್ಲ ಕುದುರೆ ಏರಿ ಊರ ಅಗಸೆಬಾಗಿಲು ದಾಟಿರುತ್ತಿದ್ದ. ತನ್ನ ಗಂಡನ ಕಥೆ ಆರು ವರ್ಷವಾದರೂ ಮೊದಲನೆಯ ಮಾತಿನಲ್ಲೇ ನಿಂತಿದೆಯಲ್ಲ ಎಂದು ಅವಳಿಗೆ ಒಮ್ಮೊಮ್ಮೆ ನಗು ಬರುತ್ತಿತ್ತು, ಒಮ್ಮೊಮ್ಮೆ ಬೇರೇನೋ ಬರುತ್ತಿತ್ತು.

ಹಾಗಂತ ಮಾಸ್ತರರು ಬರೀ ಬಾಯಿಮಾತಿನವರೂ ಅಲ್ಲ. ಪ್ರತಿ ಸಲವೂ ಕೆಲಸ ಪರಸ್ಥಾನದವರೆಗೆ ಬರುತ್ತಿತ್ತು. ದೂರದ ಊರಿಗೆ ಹೊರಡುವವರು ಅಯ್ಯನವರ ಹತ್ತಿರ ಪಂಚಾಂಗ ನೋಡಿಸಿ ಮುಹೂರ್ತ ಕೇಳುತ್ತಾರೆ. ಆ ಗಳಿಗೆಗೆ ಮನುಷ್ಯ ಹೊರಡಲಾಗದಿದ್ದರೆ ಅವನ ಗಂಟನ್ನಾದರೂ ಮನೆಯಿಂದ ಎತ್ತಿ ಬೇರೆಯವರ ಮನೆಯಲ್ಲಿಡಬೇಕು. ಗಂಟು ಹೊಸ್ತಿಲು ದಾಟಿತೆಂದರೆ ಪ್ರಯಾಣ ಶುರುವಾದಂತೆಯೇ ಲೆಕ್ಕ. ಆಮೇಲೆ ಐದು ದಿನದೊಳಗೆ ಮನುಷ್ಯ ಗಂಟಿನ ಹಿಂದೆ ಹೊರಟುಬಿಡಬೇಕು. ಹೊರಡದಿದ್ದರೆ ಮುಹೂರ್ತ ಮುರಿಯಿತು, ಗಂಟು ತಿರುಗಿ ಮನೆಗೆ.

ಮಾಸ್ತರರ ತಗಡಿನ ಟ್ರಂಕು ಐದು ಸಲ ಎದುರುಮನೆಯ ಧೂಳಪ್ಪನ ಪಡಸಾಲೆಗೆ ಹೋಗಿತ್ತು, ಐದು ಸಲ ಆರನೆಯ ದಿನ ಬೆಳಿಗ್ಗೆ ತಿರುಗಿ ಬಂದಿತ್ತು. ಒಮ್ಮೆ ಶಾಲೆಗೆ ತಪಾಸಣೆ ಬಂತು. ಒಮ್ಮೆ ಹಲ್ಲಿ ಲೊಚಗುಟ್ಟಿತು. ಒಮ್ಮೆ ಮಾಸ್ತರರ ಎಡಗಣ್ಣು ಹಾರಿತು. ಮರುದಿನ ಬಲಗಣ್ಣು ಹಾರಿದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಧೂಳಪ್ಪನ ಹೆಂಡತಿಗಂತೂ ಆ ಟ್ರಂಕಿನ ಮೇಲೆ ಸಂಡಿಗೆ ಒಣಹಾಕುವುದು ರೂಢಿಯಾಗಿತ್ತು. "ಮಾಸ್ತರ್ರು ಈ ವರ್ಷ ಎಲ್ಲಿಗೂ ಹೋಗೂದಿಲ್ಲೇನ್ರಿ? ಸಂಡಗಿ ಹಿಟ್ಟ ಬೀಸಿಟ್ಟೇನಿ" ಎಂದು ಕೇಳಿಕೊಂಡು ಬರುತ್ತಿದ್ದಳು.

ಮಾಸ್ತರರ ತಾಯಿ ಮುದುಕವ್ವ ಮಗನನ್ನು ಬಿಡುತ್ತಿರಲಿಲ್ಲ. "ನಮ್ಮ ಓಣ್ಯಾಗ ಎಲ್ಲಾರ್ಕಿಂತ ಹೆಚ್ಚ ದೇಶ ನೋಡಿದ್ದು ನನ್ನ ಮಗನ ಟ್ರಂಕ ನೋಡ ಬೇ ಸಾವಂತ್ರಿ. ಹೋಗಾಕ ನಲವತ್ತ ಹೆಜ್ಜಿ, ಬರಾಕ ನಲವತ್ತ ಹೆಜ್ಜಿ!"

ಹೀಗಿರುವಾಗ, ಸಾವಿರದ ಒಂಬೈನೂರ ಅರವತ್ತಮೂರರ ನವೆಂಬರಿನಲ್ಲಿ, ಮಾಸ್ತರರು ಶಾಲೆಯಿಂದ ಪೇಪರಿನ ತುಂಡೊಂದನ್ನು ಅಂಗಿಯ ಕಿಸೆಯಲ್ಲಿ ಮಡಚಿಟ್ಟುಕೊಂಡು ಬಂದರು. ಎರಡು ಬೆರಳಗಲದ ಸುದ್ದಿ. ತಿರುವನಂತಪುರದ ಹತ್ತಿರ ತುಂಬಾ ಎನ್ನುವ ಮೀನುಗಾರರ ಊರಿದೆ, ಅಲ್ಲಿಂದ ಈ ತಿಂಗಳ ಇಪ್ಪತ್ತೊಂದರ ಸುಮಾರಿಗೆ ಸಂಜೆ ಹೊತ್ತಿನಲ್ಲಿ ಆಕಾಶಕ್ಕೆ ರಾಕೆಟ್ಟು ಹಾರಿಸುತ್ತಾರೆ ಎಂದು.

"ರಾಕೇಟ ಅಂದ್ರೇನೋ?" ಎಂದಳು ಮುದುಕವ್ವ.

"ದೊಡ್ಡ ಬಾಣಾ ಇದ್ದಂಗ ಯವ್ವಾ. ಬೆಂಕಿ ಉಗುಳಕೋತ ಮ್ಯಾಲ ಹೋಗತೈತಿ."

"ಯಾರ ಮ್ಯಾಲ ಬಿಡತಾರ?"

"ಯಾರ ಮ್ಯಾಲೂ ಅಲ್ಲ. ಮ್ಯಾಲ ಹೋಗಿ ಬಣ್ಣದ ಹೊಗಿ ಬಿಡತೈತಿ. ಅಲ್ಲಿ ಗಾಳಿ ಯಾ ಕಡೆ ಬೀಸತೈತಿ ಅಂತ ನೋಡತಾರ."

"ಗಾಳಿ ನೋಡಾಕ ಅಲ್ಲೀತನಾ ಯಾಕ ಹೋಗಬೇಕೋ? ನಮ್ಮ ಕಣದಾಗ ನಿಂತ ಒಂದ ಮರಾ ಜ್ವಾಳಾ ತೂರಿದ್ರ ಗೊತ್ತಾಗತೈತೆಲ್ಲ!"

ಸಾವಂತ್ರವ್ವನಿಗೆ ಈ ಮಾತೆಲ್ಲ ಕೇಳಿಸುತ್ತಿತ್ತು, ಆದರೆ ಕಿವಿಯ ಹೊರಗೇ. ಒಳಗೆ ಅವಳು ಆಗಲೇ ಸಮುದ್ರದ ದಂಡೆಯಲ್ಲಿ ನಿಂತಿದ್ದಳು. ಕಾಶಿ ಎಲ್ಲೂ ಓಡಿಹೋಗುವುದಿಲ್ಲ, ದಿಲ್ಲಿಯೂ ಅಲ್ಲೇ ಇರುತ್ತದೆ. ಈ ವರ್ಷ ಬಿಟ್ಟರೆ ಬರುವ ವರ್ಷ ಎನ್ನಬಹುದು. ಎನ್ನುತ್ತಲೇ ಆರು ವರ್ಷ ಕಳೆದಿತ್ತು. ಆದರೆ ರಾಕೆಟ್ಟು ಒಂದು ಸಂಜೆಯ ಮಾತು. ಅದು ಯಾರ ಎಡಗಣ್ಣಿಗೂ ಕಾಯುವುದಿಲ್ಲ. ಈ ಸಲ ಹೋಗದಿದ್ದರೆ ತಾನು ಹೊಸ್ತಿಲ ಮೇಲಿನ ಗಾಡಿಯಲ್ಲೇ ಮುದುಕಿಯಾಗುತ್ತೇನೆ ಎನ್ನುವುದು ಅವಳಿಗೆ ಆ ಗಳಿಗೆ ಖಾತ್ರಿಯಾಯಿತು. ಹೆಂಚಿನ ಮೇಲಿನ ರೊಟ್ಟಿ ಸೀದು ಕಪ್ಪಾಯಿತು.

"ಎಲ್ಲಿ ಅದೀಯಬೇ? ರೊಟ್ಟಿ ಸೀಯಾಕತ್ತೈತಿ" ಎಂದರು ಮಾಸ್ತರರು.

"ನಾ ಮುಟ್ಟೇನ್ರಿ. ನೀವ ಇನ್ನೂ ವಾಡ್ಯಾಗ ಅದೀರಿ."

ಒಂದು ವಾರ ಮಾಸ್ತರರಿಗೆ ಊಟ ನಿದ್ದೆ ಬೇಡವಾಯಿತು. ಹೋಟಗಿಯಲ್ಲಿ ಗಾಡಿ ಬದಲಿಸಬೇಕು, ಮದ್ರಾಸಿನಲ್ಲಿ ಬದಲಿಸಬೇಕು, ಮುಂದೆ ಸಣ್ಣ ಗಾಡಿ. ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ, ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದರು. ಅಂಥ ನೋಟುಬುಕ್ಕುಗಳು ಆಗಲೇ ಮೂರಾಗಿದ್ದವು. ಅವುಗಳ ಜಾಗ ಟ್ರಂಕಿನ ತಳದಲ್ಲಿ, ಧೋತರದ ಕೆಳಗೆ. ಖರ್ಚಿನ ಚಿಂತೆ ಇರಲಿಲ್ಲ. ಐದು ಪ್ರವಾಸಕ್ಕೆ ಕೂಡಿಟ್ಟದ್ದು ಹಾಗೇ ಇತ್ತು.

ಅಯ್ಯನವರು ಮುಹೂರ್ತ ಕೊಟ್ಟರು. ಪರಸ್ಥಾನದ ಗಂಟನ್ನು ಹೋಗುವ ದಿಕ್ಕಿನಲ್ಲಿರುವ ಮನೆಯಲ್ಲೇ ಇಡಬೇಕು ಎಂದೂ ಹೇಳಿದರು. ಅಲ್ಲಿಂದ ತಕರಾರು ಹುಟ್ಟಿತು. ರಾಕೆಟ್ಟು ಇರುವುದು ದಕ್ಷಿಣಕ್ಕೆ. ಗಾಡಿ ಹತ್ತಬೇಕಾದ ವಿಜಾಪುರ ಇರುವುದು ಉತ್ತರಕ್ಕೆ. ಧೂಳಪ್ಪನ ಮನೆ ಎರಡೂ ಕಡೆಗಲ್ಲ.

"ರಾಕೇಟ ಮ್ಯಾಲ ಹೋಗತೈತಿ ಅಂತೀ. ಹಂಗಾರ ಗಂಟ ಮಾಳಗಿ ಮ್ಯಾಲ ಇಡೋ" ಎಂದಳು ಮುದುಕವ್ವ.

ಸಾವಂತ್ರವ್ವ ತಗ್ಗಿದ ದನಿಯಲ್ಲಿ, ಬೆಣ್ಣೆ ಹಚ್ಚಿದಂತೆ ಹೇಳಿದಳು: "ನಾಳಿ ಸಂತಿಗೆ ದಾದಾಸಾಬಣ್ಣ ಬರತಾನಲ್ರಿ. ಅವನ ಮನಿ ವಿಜಾಪುರದಾಗ, ಸಿದ್ಧೇಶ್ವರ ಗುಡಿ ಹಿಂದ. ಅವನ ಕೈಯಾಗ ಟ್ರಂಕ ಕೊಟ್ಟ ಕಳಸೂಣು. ಸ್ಟೇಶನ್ನಿಗೂ ಹತ್ತರ ಆಗತೈತಿ."

ಮಾಸ್ತರರು ಒಪ್ಪಿದರು. ಧೂಳಪ್ಪನ ಮನೆಯಾದರೇನು, ದಾದಾಸಾಬನ ಮನೆಯಾದರೇನು, ಐದು ದಿನವೆಂದರೆ ಐದೇ ದಿನ.

ದಾದಾಸಾಬ ಟ್ರಂಕು ಮಾಡುವವನು. ಮಾಸ್ತರರ ಟ್ರಂಕೂ ಅವನದೇ ಕೈಯದು. ಸಂತೆ ಮುಗಿದ ಮೇಲೆ ಅದನ್ನು ಬಸ್ಸಿನ ಮೇಲೆ ಏರಿಸುವಾಗ ಅವನು ಕೀಲಿನ ಮೇಲೆ ಬೆರಳಾಡಿಸಿ ನೋಡಿದ. "ಮಾಸ್ತರ್ರ, ಆರ ವರ್ಷ ಆತು, ಇದು ಇನ್ನೂ ಮದಲಗಿತ್ತಿ ಇದ್ದಂಗ ಐತಲ್ರಿ. ನೀವು ಹಿಂಗ ಇಟಗೊಂಡ್ರ ನಮ್ಮ ಧಂದೆ ಹೆಂಗ ನಡೀಬೇಕ್ರಿ?"

"ಈ ಸಲ ನೋಡ ದಾದಾಸಾಬ, ಮೂಲಿ ತಗ್ಗಬಿದ್ದ ಬರತೈತಿ" ಎಂದರು ಮಾಸ್ತರರು ಎದೆಯುಬ್ಬಿಸಿ.

ಎದೆ ಎರಡು ದಿನ ಉಬ್ಬಿಕೊಂಡಿತ್ತು. ಮೂರನೆಯ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಅವರು ಪೇಪರಿನ ತುಂಡನ್ನು ಮತ್ತೆ ಬಿಡಿಸಿದರು.

"ಸಾವಂತ್ರಿ, ಇದರಾಗ 'ಸುಮಾರಿಗೆ' ಅಂತ ಬರದಾರ. ಸುಮಾರ ಅಂದ್ರ ಖಾತ್ರಿ ಅಲ್ಲ."

ಸಾವಂತ್ರವ್ವನ ಕೈಯಲ್ಲಿದ್ದ ಚಹಾದ ಬಸಿ ತುಟಿಯ ಹತ್ತಿರ ನಿಂತಿತು. ಹಲ್ಲಿ ಬಂತು, ಕಣ್ಣು ಹಾರಿತು, ಈಗ ಸುಮಾರು ಬಂತು. ಇನ್ನು ಎರಡು ದಿನ ಮಾಸ್ತರರು ಹೀಗೇ ಪೇಪರಿನ ಅಕ್ಷರ ಕೆದರುತ್ತ ಕೂರುತ್ತಾರೆ, ಆರನೆಯ ದಿನ ನಿಟ್ಟುಸಿರು ಬಿಟ್ಟು "ಮುಹೂರ್ತ ಮೀರಿತು" ಎನ್ನುತ್ತಾರೆ. ಅವಳು ಬಸಿ ಕೆಳಗಿಟ್ಟಳು.

"ರಾಚಿನ್ನ ಟಿಕೋಟಕ್ಕ ಬಿಟ್ಟ ಬರತೀನ್ರಿ. ನಾವು ಬರೂತನಾ ನಮ್ಮವ್ವನ ಹತ್ತರ ಇರ್ಲಿ" ಎಂದಳು. ರಾಚಿ ಅವರ ನಾಲ್ಕು ವರ್ಷದ ಮಗಳು.

ಟಿಕೋಟಕ್ಕೆ ಹೋದಳು, ಮಗಳನ್ನು ತಾಯಿಯ ಮಡಿಲಿಗೆ ಹಾಕಿದಳು. ತಿರುಗಿ ಬರುವಾಗ ಬಬಲೇಶ್ವರದ ಬಸ್ಸು ಹತ್ತಲಿಲ್ಲ, ವಿಜಾಪುರದ ಬಸ್ಸು ಹತ್ತಿದಳು.

ದಾದಾಸಾಬನ ಮನೆಯ ಒಳಗೆ ಟ್ರಂಕಿಗೊಂದು ಹಳೆ ಚಾದರ ಹೊದಿಸಿ ಇಟ್ಟಿದ್ದರು. ಅವನ ಹೆಂಡತಿ ಆಶಾಬಿ ಚಹಾ ಕೊಟ್ಟಳು. ದಾದಾಸಾಬ ತಲೆಯಾಡಿಸಿದ. "ಒಯ್ಯಾಕ ಬಂದ್ರೇನ ಅಕ್ಕಾರ? ಈ ಸಲ ಐದ ದಿನಾನೂ ತುಂಬಲಿಲ್ಲಲ್ರಿ."

"ಒಯ್ಯಾಕ ಅಲ್ಲಣ್ಣಾ. ಕಳಸಾಕ."

"ಎಲ್ಲಿಗ್ರಿ?"

"ತಿರುವನಂತಪುರಕ್ಕ. ನೀವು ಗದಗಕ್ಕ, ಸೊಲ್ಲಾಪುರಕ್ಕ ಟ್ರಂಕ ರೈಲಿಗೆ ಹಾಕತೀರಲ್ಲ, ಹಂಗ ಇದನ್ನೂ ಹಾಕ್ರಿ."

ದಾದಾಸಾಬ ಬಸಿ ಕೆಳಗಿಟ್ಟ. "ಮಾಸ್ತರ್ರಿಗೆ ಗೊತ್ತೈತೇನ್ರಿ?"

"ಗೊತ್ತಾಗತೈತಿ."

ಆಶಾಬಿ ಮೊದಲು ನಕ್ಕಳು. ಆಮೇಲೆ ಗಂಡನ ಕಡೆ ತಿರುಗಿ, "ಏನ ನೋಡತೀರಿ? ಟಾಂಗಾ ಕರೀರಿ" ಎಂದಳು. "ನನಗೂ ಇವರು ಮದವ್ಯಾದಾಗಿಂದ ಹೈದರಾಬಾದ ತೋರಸ್ತೀನಿ ಅಂತಾನ ಹೇಳಾಕತ್ತಾರ."

ಸ್ಟೇಶನ್ನಿನಲ್ಲಿ ಚೀಟಿ ಬರೆಸುವಾಗ ದಾದಾಸಾಬ ಕೇಳಿದ: "ಯಾರ ಹೆಸರಿಗೆ ಬರಸೂಣ್ರಿ ಅಕ್ಕಾರ?"

"ಅವರ ಹೆಸರಿಗೇ. ಬಿಡಿಸಿಕೊಳ್ಳಾಕ ಅವರ ಬರಬೇಕು."

ಸಂಜೆ ಮಾಸ್ತರರು ಹೊಸ್ತಿಲ ಮೇಲೆ ಕುಳಿತಿದ್ದರು. ಸಾವಂತ್ರವ್ವ ಕಾಲು ತೊಳೆದು ಬಂದು ರಸೀದಿಯನ್ನು ಅವರ ವೇಳಾಪಟ್ಟಿಯ ಮೇಲಿಟ್ಟಳು. ಅವರು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.

"ಟ್ರಂಕ ಹೋತೇನು?"

"ಹೋತ್ರಿ. ಇಷ್ಟ ಹೊತ್ತಿಗೆ ಹೋಟಗಿ ಮುಟ್ಟಿರಬೇಕು. ನಿಮ್ಮ ಪುಸ್ತಕದಾಗ ನೋಡ್ರಿ, ಹೌದೋ ಅಲ್ಲೋ."

ಬೈಯುತ್ತಾರೆ ಎಂದುಕೊಂಡಿದ್ದಳು. ಬೈದರೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಎರಡು ಮೂರು ಮಾತು ಕೂಡಿಸಿಯೂ ಇಟ್ಟಿದ್ದಳು. ಗಂಟು ಹೋಗಿ ಮನುಷ್ಯ ಉಳಿದರೆ ಅರ್ಧ ಜೀವ ಇಲ್ಲಿ, ಅರ್ಧ ಜೀವ ಅಲ್ಲಿ ಆಗುತ್ತದೆ ಎಂದು ಅಯ್ಯನವರೇ ಹೇಳಿದ್ದಾರೆ ಎನ್ನಬೇಕೆಂದಿದ್ದಳು. ಆದರೆ ಮಾಸ್ತರರು ಬೈಯಲಿಲ್ಲ. ಮುಖ ಬೂದಿಯಂತಾಯಿತು. ಸಾವಂತ್ರವ್ವ ಅವರ ಎದುರು ನೆಲಕ್ಕೆ ಕುಳಿತಳು.

"ಏನಾತ್ರಿ?"

"ಮೊದಲೂ ಹಿಂಗ ಆಗಿತ್ತು" ಎಂದರು ಮಾಸ್ತರರು. "ಗಂಟ ಮುಂದ ಹೋಗಿ ನಾ ಉಳಿದಿದ್ನಿ."

ಇಪ್ಪತ್ತನೆಯ ವಯಸ್ಸಿನಲ್ಲಿ ಅವರು ಪುಣೆಗೆ ಪರೀಕ್ಷೆಗೆ ಹೊರಟಿದ್ದರು. ಪೋಸ್ಟಿನ ನೌಕರಿಯ ಪರೀಕ್ಷೆ. ಹೋಟಗಿಯಲ್ಲಿ ಗಾಡಿ ಬದಲಿಸಿ ಕುಳಿತರು, ನೀರಡಿಕೆಯಾಯಿತು, ತಂಬಿಗೆ ಹಿಡಿದು ಇಳಿದರು. ನಳದ ಮುಂದೆ ಮಂದಿ. ತಂಬಿಗೆ ತುಂಬಿ ತಿರುಗುವುದರಲ್ಲಿ ಗಾಡಿಯ ಬೆನ್ನು ಕಾಣುತ್ತಿತ್ತು. ಹೊಸ ಧೋತರ, ಶಾಲೆಯ ಕಾಗದಪತ್ರ, ತಾಯಿ ಕಟ್ಟಿಕೊಟ್ಟ ಬುತ್ತಿ, ಎಲ್ಲ ಪುಣೆಗೆ ಹೋದವು. ಇವರು ತುಂಬಿದ ತಂಬಿಗೆ ಹಿಡಿದು ಅಲ್ಲೇ ನಿಂತರು. ಮೂರನೆಯ ದಿನ ಬಬಲೇಶ್ವರಕ್ಕೆ ಬಂದು ನಾಪಾಸಾದೆ ಎಂದು ಹೇಳಿಬಿಟ್ಟರು.

"ಕಾಗದದ ಮ್ಯಾಲ ಗಾಡಿ ನನ್ನ ಬಿಟ್ಟ ಹೋಗೂದಿಲ್ಲ ಸಾವಂತ್ರಿ" ಎಂದರು. "ನಾ ಪೆನ್ಸಿಲ್ ಎತ್ತಿದ್ರ ನಿಂದರತೈತಿ."

ಆರು ವರ್ಷ ಯಾವುದನ್ನು ಚೇಷ್ಟೆ ಮಾಡಿ ನಕ್ಕಿದ್ದಳೋ ಅದರ ಕೆಳಗೆ ಇಷ್ಟು ಆಳದ ಬಾವಿ ಇದೆಯೆಂದು ಸಾವಂತ್ರವ್ವನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಪಡಸಾಲೆಯ ಕತ್ತಲೆಯಿಂದ ಮುದುಕವ್ವನ ದನಿ ಬಂತು. ನಿದ್ದೆ ಮಾಡಿದ್ದಾಳೆ ಎಂದು ಇವರು ತಿಳಿದಿದ್ದರು.

"ಲೇ ಗುರಲಿಂಗಾ! ಹನ್ನೆರಡ ವರ್ಷ ನಿನ್ನ ನಾಪಾಸ್ಯಾ ನಾಪಾಸ್ಯಾ ಅಂತ ಬೈದೇನಲ್ಲೋ. ಗಂಟ ಹೋತು ಅಂತ ಹೇಳಿದ್ರ ನಾ ಏನ ಹೊಡೀತಿದ್ನೇನು?"

"ಹೊಡೀತಿದ್ದಿ ಯವ್ವಾ."

ಮುದುಕವ್ವ ಮಗ್ಗಲು ಬದಲಿಸಿ ಹೇಳಿದಳು: "ಹೌದ ಬಿಡು. ಹೊಡೀತಿದ್ನಿ. ಹೊಸಾ ಧೋತರಾ ಅದು."

ಮಾಸ್ತರರ ಮೂಗಿನಿಂದ ನಗುವೋ ಅಳುವೋ ಗೊತ್ತಾಗದ ಸಪ್ಪಳವೊಂದು ಬಂತು. ಸಾವಂತ್ರವ್ವ ರಸೀದಿಯನ್ನು ಅವರ ಕೈಯಿಂದ ಬಿಡಿಸಿ ತನ್ನ ಸೆರಗಿನ ತುದಿಗೆ ಗಂಟು ಹಾಕಿದಳು.

"ಅವತ್ತ ಗಂಟಿನ ಹಿಂದ ಹೋಗಾಕ ನಿಮಗ ಯಾರೂ ಜೋಡಿ ಇರಲಿಲ್ಲ" ಎಂದಳು. "ಈಗ ನಾ ಅದೀನಿ. ನಡ್ರಿ."

ನಾಲ್ಕನೆಯ ದಿನ ಅವರು ಹೊರಟರು. ಮುದುಕವ್ವ ಗಟ್ಟಿಯಾಗಿ ಒಣಗಿಸಿದ ಕಟಕ ರೊಟ್ಟಿ, ಖಾರದ ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಧೂಳಪ್ಪನ ಹೆಂಡತಿ ಬಾಗಿಲಲ್ಲಿ ನಿಂತು, "ಖರೇನ ಹೊಂಟ್ರೇನ್ರಿ?" ಎಂದು ಮೂರು ಸಲ ಕೇಳಿದಳು. ವಿಜಾಪುರದಲ್ಲಿ ಗಾಡಿ ಹತ್ತುವಾಗ ಮಾಸ್ತರರು ಎಡಗಾಲು ಮೊದಲಿಟ್ಟು, ಇಳಿದು, ಬಲಗಾಲಿಟ್ಟು ಹತ್ತಿದರು. ಅಷ್ಟು ಬಿಟ್ಟರೆ ಹೋಟಗಿಯವರೆಗೆ ಎಲ್ಲ ಸರಿಯಾಗೇ ಇತ್ತು.

ಹೋಟಗಿಯಲ್ಲಿ ಮದ್ರಾಸಿನ ಗಾಡಿ ಹಿಡಿದು ಕುಳಿತರು. ಮಾಸ್ತರರು ಎರಡೂ ಕೈಯಿಂದ ಹಲಗೆ ಹಿಡಿದಿದ್ದರು. ತುಟಿ ಒಣಗಿತ್ತು. ಸಾವಂತ್ರವ್ವನ ಗಂಟಲೂ ಒಣಗಿತ್ತು, ಆದರೆ ಅವಳು ನೀರಿನ ಹೆಸರೆತ್ತಲಿಲ್ಲ. ಕಿಟಕಿಯ ಹೊರಗೆ ನಳದ ಕಟ್ಟೆ ಕಾಣುತ್ತಿತ್ತು. ಮಾಸ್ತರರು ಅದನ್ನೇ ನೋಡಿದರು, ನೋಡಿದರು, ಒಮ್ಮೆಲೇ ತಂಬಿಗೆ ಎತ್ತಿಕೊಂಡು ಎದ್ದರು.

"ಬ್ಯಾಡ್ರಿ."

"ಕುಂದರ ನೀ" ಎಂದು ಇಳಿದೇಬಿಟ್ಟರು.

ನಳದ ಮುಂದೆ ಮಂದಿ. ಮಾಸ್ತರರದು ನಾಲ್ಕನೆಯ ಪಾಳಿ, ಆಮೇಲೆ ಮೂರನೆಯದು. ಗಾರ್ಡು ಸೀಟಿ ಊದಿದ. ಮಾಸ್ತರರು ತಿರುಗಿ ನೋಡಿದರು, ಪಾಳಿ ಬಿಡಲಿಲ್ಲ. ಬಂದ ಪಾಳಿ ಬಿಟ್ಟು ಓಡುವುದೆಂದರೆ ಹನ್ನೆರಡು ವರ್ಷ ಕಾದ ನೀರನ್ನು ಬಿಟ್ಟಂತೆ ಎನಿಸಿತೋ ಏನೋ. ಸಾವಂತ್ರವ್ವ ಬುತ್ತಿಯ ಗಂಟನ್ನೂ ಬಟ್ಟೆಯ ಚೀಲವನ್ನೂ ಬಗಲಿಗೆ ಅವಚಿ ಇಳಿದಳು. ಡಬ್ಬಿಯಲ್ಲಿದ್ದವರೆಲ್ಲ ಕೂಗಿದರು. ಗಾಡಿ ಕದಲಿತು, ಹೋಯಿತು.

ಮಾಸ್ತರರು ತುಂಬಿದ ತಂಬಿಗೆ ಹಿಡಿದು ಬಂದರು. "ನೀ ಯಾಕ ಇಳದಿ?"

"ಟ್ರಂಕ ಹೋಗೇತಿ, ನಾನೂ ಹೋಗಿದ್ರ ನಿಮಗ ಎರಡ ರಸೀದಿ ಬೇಕಾಗ್ತಿದ್ವಲ್ರಿ."

ಮಾಸ್ತರರು ಅವಳ ಮುಖ ನೋಡಿದರು, ಹೋದ ಗಾಡಿಯ ದಾರಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಬಿಗೆಯ ನೀರು ಅರ್ಧ ಧೋತರದ ಮೇಲೆ ಚೆಲ್ಲಿತು. ಉಳಿದರ್ಧವನ್ನು ಇಬ್ಬರೂ ಕುಡಿದರು. ಮುಂದಿನ ಗಾಡಿ ಮರುದಿನ.

ಆ ಒಂದು ದಿನವೇ ಕಡಿಮೆಬಿತ್ತು. ಇಪ್ಪತ್ತೊಂದನೆಯ ತಾರೀಖಿನ ಸಂಜೆ ಅವರಿನ್ನೂ ಸಣ್ಣ ಗಾಡಿಯಲ್ಲಿ ತೆಂಕಾಶಿಯ ಹತ್ತಿರ ಇದ್ದರು. ಮುಂದೆ ಗುಡ್ಡದ ಸಾಲು, ಅದರಾಚೆ ಇನ್ನೂ ತಿರುವನಂತಪುರ. ಹೊತ್ತು ಮುಳುಗಿತ್ತು. ಗಾಡಿ ಒಂದು ಪುಟ್ಟ ಸ್ಟೇಶನ್ನಿನಲ್ಲಿ ನಿಂತಿತ್ತು. ಮಾಸ್ತರರು ವೇಳಾಪಟ್ಟಿಯನ್ನು ಬೆಳಕಿಗೆ ಹಿಡಿದು ಲೆಕ್ಕ ಹಾಕುತ್ತಿದ್ದರು. "ತಪ್ಪಿತು ಸಾವಂತ್ರಿ. ನನ್ನಿಂದನ ತಪ್ಪಿತು. ಇಷ್ಟೊತ್ತಿಗೆ ಹಾರಿಸಿರಬೇಕು."

ತಲೆ ಎತ್ತಿದರು. ನೋಡಿದರೆ ಹೆಂಡತಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿದ್ದಳು. ಪ್ಲಾಟ್‌ಫಾರ್ಮಿನ ಮೇಲಿದ್ದವರೂ ಹೊತ್ತ ಗಂಟನ್ನು ತಲೆಯ ಮೇಲೇ ಹಿಡಿದು ಕತ್ತೆತ್ತಿ ನಿಂತಿದ್ದರು.

ಗುಡ್ಡದ ನೆತ್ತಿಯ ಮೇಲೆ, ಮೋಡಗಳಿಗಿಂತ ಎಷ್ಟೋ ಎತ್ತರದಲ್ಲಿ, ಯಾರೋ ಕೇಸರಿಯಲ್ಲಿ ಬೆರಳದ್ದಿ ಒಂದು ಗೆರೆ ಎಳೆದಂತಿತ್ತು. ನೋಡುತ್ತಿದ್ದಂತೆ ಗೆರೆ ನಡುವಿನಲ್ಲಿ ಡೊಂಕಾಯಿತು, ಮೇಲಿನ ತುದಿ ಒಂದು ಕಡೆ ಹರಿಯಿತು, ಕೆಳಗಿನದು ಇನ್ನೊಂದು ಕಡೆ.

"ಇಲ್ಲಿಂದ ಕಾಣಬಾರದು" ಎಂದರು ಮಾಸ್ತರರು, ವೇಳಾಪಟ್ಟಿಯನ್ನೂ ಆಕಾಶವನ್ನೂ ಸರತಿಯಾಗಿ ನೋಡುತ್ತ. "ಇನ್ನೂ ಅರವತ್ತ ಎಪ್ಪತ್ತ ಮೈಲಿ ಐತಿ."

"ಕಾಣಬಾರದ್ದ ಕಾಣಾಕತ್ತೈತಿ. ಬಾಯಿ ಮುಚ್ಚಿ ನೋಡ್ರಿ."

ಮಾಸ್ತರರು ಬಾಯಿ ಮುಚ್ಚಲಿಲ್ಲ, ತೆರೆದೇ ನೋಡಿದರು. ಗೆರೆ ಹರಡಿ, ತೆಳುವಾಗಿ, ಸಂಜೆಯಲ್ಲಿ ಕರಗುವವರೆಗೂ ಇಬ್ಬರೂ ಒಂದೇ ಕಿಟಕಿಯಲ್ಲಿ ತಲೆಗೆ ತಲೆ ತಾಗಿಸಿಕೊಂಡಿದ್ದರು.

ಎದುರಿನ ಹಲಗೆಯ ಮೇಲಿದ್ದ ಹೆಂಗಸು ಆಕಾಶಕ್ಕೆ ಕೈ ಮಾಡಿ ತಮಿಳಿನಲ್ಲಿ ಏನನ್ನೋ ಕೇಳಿದಳು. ಸಾವಂತ್ರವ್ವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಸೀರೆ ಸರಿಮಾಡಿಕೊಂಡು, ಎದ್ದು ಕೂತು, ಉತ್ತರ ಕೊಟ್ಟಳು.

"ಅದನ್ನ ನೋಡಾಕ ಬಂದೀವ್ರಿ ನಾವು. ವಿಜಾಪುರ ಜಿಲ್ಲಾ, ಬಬಲೇಶ್ವರ. ಭಾಳ ದೂರ. ಇವರು ನಮ್ಮ ಯಜಮಾನ್ರು, ದೇಶದ ಎಲ್ಲಾ ಗಾಡಿ ಗೊತ್ತು ಇವರಿಗೆ."

ಆ ಹೆಂಗಸು ತಲೆಯಾಡಿಸಿದಳು. ಸಾವಂತ್ರವ್ವ ಬುತ್ತಿ ಬಿಚ್ಚಿ ಒಂದು ಕಟಕ ರೊಟ್ಟಿಯ ಮೇಲೆ ಹಿಂಡಿ ಉದುರಿಸಿ ಅವಳ ಕೈಗಿಟ್ಟಳು. ಅವಳು ಅದನ್ನು ಹಪ್ಪಳವೆಂದುಕೊಂಡು ಎರಡು ಬೆರಳಿನಿಂದ ಮುರಿಯಲು ನೋಡಿದಳು, ಮುರಿಯಲಿಲ್ಲ. ಹಲ್ಲಿನಿಂದ ಕಚ್ಚಿದಳು. ಗಾಡಿ ಕದಲಿ ಗುಡ್ಡದ ಕಡೆ ಏರತೊಡಗಿದಾಗ ಅವಳಿನ್ನೂ ಅಗಿಯುತ್ತಲೇ ಇದ್ದಳು, ಇನ್ನೊಂದು ರೊಟ್ಟಿಗೆ ಕೈ ಮುಂದೆ ಚಾಚಿದ್ದಳು.